ಚೊಚ್ಚಲ ಬಸಿರೂ ಚಳಿಜ್ವರವೂ

ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ನಮ್ಮ ಪ್ರಾಚೀನರ ಪರಿಪಾಠ. ಮನುಷ್ಯನು ಜರಾಯುಜ. ಮೂಲದಲ್ಲಿ ಗರ್ಭದ ಹೊದಿಕೆಗೆ ಸಲ್ಲುತ್ತಿದ್ದ ‘ಜರಾಯು’ ಶಬ್ದವನ್ನು ಇಂದಿನ ವಿಜ್ಞಾನ ಬರಹಗಾರರು, ನಮ್ಮ ಸೂಲಗಿತ್ತಿಯರು ‘ಮಾಸು’ ಎಂದು ಕರೆಯುವ ಅಂಗಕ್ಕೆ ಬಳಸುತ್ತಾರೆ. ನನಗಾದರೋ ಮಾಸು ಎಂಬ ದೇಶ್ಯ ಶಬ್ದವೇ ಹೆಚ್ಚು ಹಿತ. ಶಿಶುವಿನೊಡನೆ ಬೆಳೆದು, ಶಿಶುವಿನ ಹಿಂದೆಯೇ ಹೊರಬಿದ್ದು, ಮಣ್ಣಿನಲ್ಲಿ ಹೂಳಲ್ಪಡುವ ಈ ಅಲ್ಪಾಯುಷಿ ಅಂಗವು ಮಾಡುವ ಕಾರ್ಯ ಅಲ್ಪವಲ್ಲ. ತಾಯಿಯ ರಕ್ತವೂ ಮಗುವಿನ ರಕ್ತವೂ ಬೆರೆಯದಂತೆ ತಡೆದು, ಅನ್ನಸತ್ತ್ವವನ್ನೂ ಪ್ರಾಣವಾಯುವನ್ನೂ ದಾಟಿಸುವುದು ಇದೇ. ತಾಯಿ ತನ್ನ ಆಯುಷ್ಯದಲ್ಲಿ ಗಳಿಸಿದ ರೋಗನಿರೋಧಕ ದ್ರವ್ಯಗಳನ್ನು ಮಗುವಿಗೆ ಬಳುವಳಿಯಾಗಿ ಕಳಿಸುವುದೂ ಇದೇ. ಇಂಥ ಕಾವಲು ಮನೆಯಲ್ಲಿಯೇ ಚಳಿಜ್ವರದ ಪರೋಪಜೀವಿ ಬಿಡಾರ ಹೂಡುವ ಬಗೆಯನ್ನು ಕಂಡುಕೊಂಡ ಸಂಶೋಧನೆಯಲ್ಲಿ ಕನ್ನಡಿಗರ ಪಾಲಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಒಂದು ದಿನ ಬಿಟ್ಟು, ಎರಡು ದಿನ ಬಿಟ್ಟು ಮರಳಿ ಬರುವ ವಿಷಮಜ್ವರವನ್ನು ಆಯುರ್ವೇದವು ತೃತೀಯಕ, ಚಾತುರ್ಥಕಗಳೆಂದು ಹೆಸರಿಸಿತ್ತು. ಅದರ ಜೀವಿಯು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡನು. ನಮ್ಮ ದೇಶದಲ್ಲಿ ಮುಖ್ಯವಾಗಿ ಕಾಣುವವು ಎರಡು ಜಾತಿಗಳು: ವೈವಾಕ್ಸ್ ಮತ್ತು ಫಾಲ್ಸಿಪೇರಂ. ಎರಡನೆಯದು ಹೆಚ್ಚು ಮಾರಕ. ಅದು ಹೊಕ್ಕ ಕೆಂಪು ರಕ್ತಕಣಗಳು ಗುಲ್ಮದ ಶೋಧನೆಯಿಂದ ತಪ್ಪಿಸಿಕೊಳ್ಳಲು ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆ.

ಆಫ್ರಿಕೆಯಲ್ಲಿ ಚಳಿಜ್ವರವು ವರ್ಷವಿಡೀ ಬಿಡದೆ ಇರುವ ಪ್ರದೇಶಗಳುಂಟು. ಅಲ್ಲಿ ಬಾಲ್ಯವನ್ನು ದಾಟಿ ಉಳಿದವರಿಗೆ ಸಾಕಷ್ಟು ರೋಗನಿರೋಧಕ ಶಕ್ತಿ ಬಂದಿರುತ್ತದೆ. ಸೊಳ್ಳೆ ಕಚ್ಚಿದರೂ ಅವರು ಹಾಸಿಗೆ ಹಿಡಿಯುವುದು ಅಪರೂಪ. ಆದರೆ ಅಂಥ ಗಟ್ಟಿಮುಟ್ಟಾದ ಹೆಂಗಸೇ ಚೊಚ್ಚಲ ಬಸಿರಿನಲ್ಲಿ ರಕ್ತಹೀನಳಾಗುತ್ತಾಳೆ, ಹುಟ್ಟಿದ ಕೂಸು ತೂಕವಿಲ್ಲದೆ ಬಡವಾಗಿರುತ್ತದೆ. ಎರಡನೆಯ, ಮೂರನೆಯ ಬಸಿರುಗಳಲ್ಲಿ ಈ ಬಾಧೆ ಕ್ರಮೇಣ ಇಳಿಯುತ್ತದೆ. ಬಸಿರಿನಲ್ಲಿ ಶರೀರದ ಶಕ್ತಿ ಕುಂದುವುದೇ ಕಾರಣವೆಂದು ಹಿಂದೆ ಸಮಾಧಾನ ಹೇಳುತ್ತಿದ್ದರು. ಹಾಗಿದ್ದರೆ ಮೂರನೆಯ ಬಸಿರಿನಲ್ಲಿಯೂ ಅದು ಅಷ್ಟೇ ಕುಂದಬೇಕಷ್ಟೆ! ಈ ಆಕ್ಷೇಪಕ್ಕೆ ಉತ್ತರವಿರಲಿಲ್ಲ.

ಉತ್ತರದ ಮೊದಲ ಎಳೆ ದೊರೆತದ್ದು 1996ರಲ್ಲಿ. ಮಾಸಿನಲ್ಲಿ ಸೇರಿಕೊಂಡ ರೋಗಕಣಗಳು ಅಲ್ಲಿಯ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ಸಕ್ಕರೆ ಜಾತಿಯ ಸರಪಣಿಗೆ ಅಂಟುತ್ತವೆಂದು ಮಿಖಾಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ತೋರಿಸಿದರು. ಆದರೆ ಈ ಸರಪಣಿಯಲ್ಲಿ ಬಗೆಗಳು ಹಲವು. ಯಾವುದು ಆ ಕೊಂಡಿ? ಅದನ್ನು ಬಿಡಿಸಿ ನೋಡಿದವರು ಅಮೇರಿಕೆಯ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿದ್ದ ಡಿ. ಚನ್ನೇಗೌಡರು, ಹೆಸರೇ ಅವರ ನಾಡನ್ನು ಹೇಳುತ್ತದೆ. ಅವರ ತಂಡದಲ್ಲಿದ್ದ ರಾಜೇಶ್ವರ ಆಚೂರ್ ಅವರು ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ನಾವು ಹೂಳುವ ಮಾಸನ್ನೇ ಅವರು ಪ್ರಯೋಗಶಾಲೆಯಲ್ಲಿ ಶೋಧಿಸಿ, ತಾಯಿಯ ರಕ್ತ ಹರಿಯುವ ಎಡೆಗಳಲ್ಲಿ ಗಂಧಕಾಂಶ ಅತ್ಯಲ್ಪವಾಗಿರುವ ಒಂದು ವಿಶಿಷ್ಟ ಸರಪಣಿಯಿದೆಯೆಂದೂ ರೋಗಕಣಗಳು ಅದಕ್ಕೇ ಅಂಟುತ್ತವೆಂದೂ 2000ದಲ್ಲಿ ಪ್ರಕಟಿಸಿದರು. ಕಣವು ಬಿಗಿಯಾಗಿ ಹಿಡಿಯಲು ಸಕ್ಕರೆಯ ಕನಿಷ್ಠ 12 ಕೊಂಡಿಗಳಾದರೂ ಬೇಕೆಂಬುದು ಅದೇ ವರ್ಷ ಅವರಿಗೆ ತಿಳಿಯಿತು. ಹಿಡಿಯುವ ಕೈ ಯಾವುದೆಂಬುದು 2003ರಲ್ಲಿ ಗೊತ್ತಾಯಿತು: ವಾರ್-2-ಸಿಎಸ್ಎ ಎಂಬ ಪ್ರೋಟೀನು.

ಈಗ ಒಗಟು ಬಿಡುತ್ತದೆ. ಮಾಸು ಇಲ್ಲದ ದೇಹದಲ್ಲಿ ಈ ಕೈಗೆ ಹಿಡಿಯಲು ತಕ್ಕ ಆಸರೆಯಿಲ್ಲ. ಆದುದರಿಂದ ಬಾಲ್ಯದಿಂದ ಗಳಿಸಿದ ನಿರೋಧಶಕ್ತಿಗೆ ಅದರ ಪರಿಚಯವಿಲ್ಲ. ಅಮರಕೋಶವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯ ಮುಂದೆ ಹಠಾತ್ತಾಗಿ ಶಬ್ದಮಣಿದರ್ಪಣವನ್ನು ತೆರೆದಿಟ್ಟಂತೆ! ದೇಹವು ಆ ಪಾಠವನ್ನು ಚೊಚ್ಚಲ ಬಸಿರಿನಲ್ಲಿ ಕಷ್ಟಪಟ್ಟು ಕಲಿಯುತ್ತದೆ. ಮುಂದಿನ ಬಸಿರಿಗೆ ಅದು ನೆನಪಿನಲ್ಲಿರುತ್ತದೆ. ಈ ಪಾಠವನ್ನು ಮೊದಲೇ ಕಲಿಸಬಲ್ಲ ಲಸಿಕೆಗಳು ಮನುಷ್ಯರ ಮೇಲಿನ ಆರಂಭದ ಪರೀಕ್ಷೆಗಳವರೆಗೆ ಬಂದಿವೆ.

ಮಗುವಿನ ಪಾಡೇನು? ಕೆಲವೊಮ್ಮೆ ಪರೋಪಜೀವಿ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ. ಜ್ವರ ಸಾಮಾನ್ಯವಾಗಿ ಹುಟ್ಟಿದ ಎರಡನೆಯ ವಾರದಿಂದ ತಿಂಗಳೊಳಗೆ ತೋರುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದುಂಟು. ಇಂದು ಮಲ್ಹೋತ್ರ ಮತ್ತು ಸಂಗಡಿಗರು ಕೀನ್ಯಾದಲ್ಲಿ ಮಕ್ಕಳನ್ನು ಹುಟ್ಟಿನಿಂದ ಅನುಸರಿಸಿ ನೋಡಿ 2009ರಲ್ಲಿ ವರದಿ ಮಾಡಿದರು: ಗರ್ಭದಲ್ಲಿಯೇ ರೋಗದ ಸಂಪರ್ಕವಾದ ಕೆಲವು ಶಿಶುಗಳ ನಿರೋಧಶಕ್ತಿ ಶತ್ರುವನ್ನು ಸ್ವಜನವೆಂದೆಣಿಸಿ ಸುಮ್ಮನಿದ್ದುಬಿಡುತ್ತದೆ, ಅಂಥ ಮಕ್ಕಳಿಗೆ ಮುಂದೆ ಸೋಂಕು ತಗಲುವ ಸಂಭವ ಹೆಚ್ಚು.

ಆಫ್ರಿಕೆಯ ಮಾತು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೇಕೆ ಎಂದು ಓದುಗರು ಕೇಳಬಹುದು. ಕರ್ನಾಟಕದಲ್ಲಿ ಚಳಿಜ್ವರ ಇಂದು ಬಹುಮಟ್ಟಿಗೆ ಇಳಿದಿರುವುದು ನಿಜ. ಆದರೆ ಜ್ವರವನ್ನೇ ಕಾಣದೆ ಬೆಳೆದವಳಿಗೆ ಅದನ್ನೆದುರಿಸುವ ಶಕ್ತಿಯೂ ಇಲ್ಲ. ಅವಳಿಗೆ ಚೊಚ್ಚಲು ಮಾತ್ರವಲ್ಲ, ಪ್ರತಿಯೊಂದು ಬಸಿರೂ ಅಪಾಯದ್ದೇ. ವೈವಾಕ್ಸ್ ಜ್ವರವೂ ಬಸುರಿಯ ರಕ್ತವನ್ನೂ ಮಗುವಿನ ತೂಕವನ್ನೂ ತಗ್ಗಿಸುತ್ತದೆ. ನಮ್ಮ ಸೀಮೆಯ ಎಷ್ಟೋ ಕುಟುಂಬಗಳು ಕಟ್ಟಡದ ಕೆಲಸಕ್ಕೆಂದು ಮಂಗಳೂರಿಗೂ ಗೋವೆಗೂ ದುಡಿಯಲು ಹೋಗುತ್ತವೆ. ಮಂಗಳೂರು ಬಹುಕಾಲ ಮಲೇರಿಯಾದ ನೆಲೆಯಾಗಿತ್ತು. ಕಟ್ಟಡಗಳ ನಿಂತ ನೀರೇ ಸೊಳ್ಳೆಯ ತೊಟ್ಟಿಲು. ಚನ್ನೇಗೌಡ ಮತ್ತು ಆಚೂರ್ ಅವರು ಡಾ. ಬಿ. ಎಸ್. ಕಕ್ಕಿಲ್ಲಾಯ ಮೊದಲಾದವರೊಡನೆ 2010ರ ದಶಕದಲ್ಲಿ ಅಲ್ಲಿಯ ರೋಗಿಗಳನ್ನು ಅಭ್ಯಸಿಸಿದರು.

ಅಲ್ಲಿ ಬಸುರಿಯಾದ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬರುತ್ತಾಳೆ. ಮುಖ ಬಿಳುಪೇರಿದೆ, ಸುಸ್ತು, ಆಗೀಗ ಮೈ ಬಿಸಿ. ‘ಬಸುರಿಗೆ ಇದೆಲ್ಲ ಇದ್ದದ್ದೇ ಬಿಡವ್ವಾ’ ಎನ್ನುತ್ತಾರೆ ಹಿರಿಯರು. ಆಗಲೇ ಮನೆಯವರು ಎಲ್ಲಿಂದ ಬಂದಳೆಂಬುದನ್ನು ಆಶಾ ಕಾರ್ಯಕರ್ತೆಗೆ ತಿಳಿಸಿ ರಕ್ತಲೇಪ ಪರೀಕ್ಷೆ ಮಾಡಿಸಬೇಕು. ರೋಗಕಣಗಳು ಮಾಸಿನಲ್ಲಿ ಅಡಗಿದ್ದರೆ ಬೆರಳಿನ ರಕ್ತದಲ್ಲಿ ಒಮ್ಮೆಗೇ ಸಿಗದಿರಬಹುದು. ಜ್ವರ ಮರುಕಳಿಸಿದರೆ ಪರೀಕ್ಷೆಯೂ ಮರುಕಳಿಸಬೇಕು. ಮನೆಯಲ್ಲಿ ಉಳಿದ ಹಳೆಯ ಗುಳಿಗೆಯನ್ನು ಕೊಡಲಾಗದು, ಏಕೆಂದರೆ ಇತರರಿಗೆ ಕೊಡುವ ಪ್ರೈಮಾಕ್ವಿನ್ ಬಸುರಿಗೆ ನಿಷಿದ್ಧ. ಹೆರಿಗೆಯ ಬಳಿಕ ತಿಂಗಳೊಳಗೆ ಕೂಸಿಗೆ ಜ್ವರ ಬಂದರೆ, ತಾಯಿ ಬಸಿರಿನಲ್ಲಿ ಎಲ್ಲಿದ್ದಳೆಂಬುದನ್ನು ವೈದ್ಯರಿಗೆ ಮೊದಲು ಹೇಳಬೇಕು.