ಮುರುಡೇಶ್ವರದ ಕಡಲತೀರದಲ್ಲಿ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ನಿಟ್ಟೂರು ಬಯಲುಸೀಮೆಯ ಊರು. ತೆಂಗಿನ ತೋಟಗಳು, ರಾಗಿಯ ಹೊಲಗಳು, ಹೊಯ್ಸಳರ ಕಾಲದ ಜೈನ ಬಸದಿ ಇವೇ ಆ ಊರಿನ ಸಂಪತ್ತು. ಸಮುದ್ರಕ್ಕೂ ಈ ಊರಿಗೂ ಯಾವ ಸಂಬಂಧವೂ ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಊರನ್ನು ಹಾದುಹೋಗುವ ತುಮಕೂರು–ಹೊನ್ನಾವರ ರಸ್ತೆಯು ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರಗಳನ್ನು ದಾಟಿ, ಘಟ್ಟವನ್ನಿಳಿದು, ಅರಬ್ಬೀ ಸಮುದ್ರದ ತೀರವನ್ನು ಸೇರುತ್ತದೆ. ದಿನವೂ ಆ ರಸ್ತೆಯನ್ನು ಕಾಣುವ ಮಕ್ಕಳಿಗೆ ಅದರ ತುದಿಯಲ್ಲಿರುವ ಕಡಲನ್ನು ನೋಡಬೇಕೆಂಬ ಆಸೆ ಹುಟ್ಟಿದುದು ಸಹಜವೇ ಆಗಿತ್ತು. ಒಂದು ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ತಮ್ಮ ಉಪಾಧ್ಯಾಯರೊಡನೆ ಮುರುಡೇಶ್ವರಕ್ಕೆ ಪ್ರವಾಸ ಹೊರಟರು.

ಸಾಗರವನ್ನು ದಾಟಿ ಅವರು ಮೊದಲು ಜೋಗವನ್ನು ತಲುಪಿದರು. ಶರಾವತಿಯು 253 ಮೀಟರು ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮುಕುವ ಸ್ಥಳವಿದು. ಆದರೆ ಅಂದು ಬಂಡೆಯ ಮೇಲೆ ಬೆಳ್ಳಿಯ ಎಳೆಗಳಂತೆ ಸಣ್ಣ ಧಾರೆಗಳಷ್ಟೇ ಇಳಿಯುತ್ತಿದ್ದವು. ಮಕ್ಕಳ ಮುಖ ಬಾಡಿತು. ಆಗ ಉಪಾಧ್ಯಾಯರು, “ನದಿ ಬತ್ತಿಲ್ಲ. 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಅದರ ನೀರನ್ನು ಹಿಡಿದಿಟ್ಟಿದೆ. ಆ ನೀರು ವಿದ್ಯುತ್ತಾಗಿ ನಾಡಿನ ಮನೆಗಳನ್ನು ಬೆಳಗುತ್ತದೆ. ಆ ಬೆಳಕಿಗಾಗಿ ಎಷ್ಟೋ ಹಳ್ಳಿಗಳು ಮುಳುಗಿದವು, ಎಷ್ಟೋ ಸಂಸಾರಗಳು ಊರು ಬಿಟ್ಟವು ಎಂಬುದನ್ನು ಮರೆಯಬಾರದು” ಎಂದರು.

ಘಟ್ಟದ ತಿರುವುಗಳನ್ನು ಇಳಿದರೆ ಗೇರುಸೊಪ್ಪೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದಿದ್ದರು. ಘಟ್ಟದ ಮೆಣಸು ಈ ನದಿಯ ದಾರಿಯಾಗಿ ಕಡಲಿಗಿಳಿದು ದೂರದೇಶಗಳನ್ನು ಸೇರುತ್ತಿತ್ತು. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿಯನ್ನು ಕಂಡಾಗ ಮಕ್ಕಳಿಗೆ ತಮ್ಮೂರಿನ ಬಸದಿಯ ನೆನಪಾಯಿತು.

ಹೊನ್ನಾವರದಲ್ಲಿ ಶರಾವತಿಯು ಸಮುದ್ರವನ್ನು ಕೂಡುತ್ತದೆ. ವಿಶಾಲವಾದ ಆ ಅಳಿವೆಯ ಮೇಲೆ ಕೊಂಕಣ ರೈಲ್ವೆಯ ಸೇತುವೆಯು ಎರಡು ಕಿಲೋಮೀಟರಿಗೂ ಮೀರಿ ಚಾಚಿಕೊಂಡಿದೆ. ಉಬ್ಬರದ ವೇಳೆಯಲ್ಲಿ ಕಡಲ ನೀರು ನದಿಯೊಳಕ್ಕೆ ಏರುತ್ತದೆ. ಇಳಿತದ ವೇಳೆಯಲ್ಲಿ ಹಿಂದಿರುಗುತ್ತದೆ. ಕೆರೆಯ ನಿಂತ ನೀರನ್ನು ಮಾತ್ರ ಬಲ್ಲ ಮಕ್ಕಳಿಗೆ ದಿನಕ್ಕೆರಡು ಬಾರಿ ಏರಿ ಇಳಿಯುವ ಈ ನೀರು ಸೋಜಿಗವೆನಿಸಿತು. ನದಿಯ ಆಚೆ ದಡದ ಕಾಸರಕೋಡು ಕಡಲತೀರವು ಸ್ವಚ್ಛತೆ ಮತ್ತು ಸುರಕ್ಷತೆಗಾಗಿ 2020ರಲ್ಲಿ ‘ನೀಲಿ ಬಾವುಟ’ ಎಂಬ ಅಂತಾರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು.

ಅಲ್ಲಿಂದ ದಕ್ಷಿಣಕ್ಕೆ ಸಾಗಿದರೆ ಮುರುಡೇಶ್ವರ. ಮೂರು ಕಡೆ ಕಡಲು ಸುತ್ತುವರಿದ ಕಂದುಕಗಿರಿಯ ಮೇಲೆ ಶಿವಾಲಯವಿದೆ. ರಾವಣನು ತಂದ ಆತ್ಮಲಿಂಗವು ಗೋಕರ್ಣದಲ್ಲಿ ನೆಲೆನಿಂತಾಗ, ಅದಕ್ಕೆ ಹೊದಿಸಿದ್ದ ವಸ್ತ್ರವು ಇಲ್ಲಿ ಬಂದು ಬಿದ್ದಿತೆಂದು ಸ್ಥಳಪುರಾಣ ಹೇಳುತ್ತದೆ. ಬೆಟ್ಟದ ಮೇಲೆ 123 ಅಡಿ ಎತ್ತರದ ಶಿವನ ಪ್ರತಿಮೆ; ಅದರ ಮುಂದೆ 2008ರಲ್ಲಿ ಉದ್ಘಾಟನೆಗೊಂಡ ಇಪ್ಪತ್ತು ಅಂತಸ್ತಿನ ರಾಜಗೋಪುರ. ಲಿಫ್ಟಿನಲ್ಲಿ ಗೋಪುರವನ್ನೇರಿದ ಮಕ್ಕಳ ಕಣ್ಣೆದುರಿಗೆ ನೀಲ ಜಲರಾಶಿ ದಿಗಂತದವರೆಗೂ ಹರಡಿತ್ತು. ದೂರದಲ್ಲಿ ಹವಳದ ದಿಬ್ಬಗಳಿಗೆ ಹೆಸರಾದ ನೇತ್ರಾಣಿ ದ್ವೀಪ ಮಸುಕಾಗಿ ಕಾಣುತ್ತಿತ್ತು. ಕೆಳಗೆ ಬೆಳ್ನೊರೆಯ ಅಲೆಗಳು ಸಾಲುಸಾಲಾಗಿ ದಡಕ್ಕೆ ಅಪ್ಪಳಿಸುತ್ತಿದ್ದವು. ಆ ಸಾಲುಗಳ ನಡುವೆ ಒಂದೆಡೆ ಮಾತ್ರ ನೊರೆಯಿಲ್ಲದೆ, ನೀರು ಕಪ್ಪಾಗಿ, ಶಾಂತವಾಗಿ ತೋರುತ್ತಿತ್ತು.

ದಡಕ್ಕೆ ಇಳಿದೊಡನೆ ಹುಡುಗನೊಬ್ಬ, “ಸಾರ್, ಅಲೆಯಿಲ್ಲದ ಆ ಜಾಗದಲ್ಲಿ ನೀರಿಗಿಳಿಯೋಣ. ನಾನು ಬಾವಿಯಲ್ಲಿ ಈಜು ಕಲಿತಿದ್ದೇನೆ” ಎಂದು ಓಡಲು ಸಿದ್ಧನಾದನು. ಸಮೀಪದಲ್ಲಿ ಬಲೆಯ ಹರಕುಗಳನ್ನು ಸರಿಪಡಿಸುತ್ತ ಕುಳಿತಿದ್ದ ಮೀನುಗಾರ ವೃದ್ಧರು ತಲೆಯೆತ್ತಿ, “ನಿಲ್ಲು ತಮಾ! ಬಾವಿಯದು ನಿಂತ ನೀರು, ಇದು ನಡೆಯುವ ನೀರು. ಎಲ್ಲಿ ಶಾಂತವಾಗಿ ಕಾಣುತ್ತದೋ ಅಲ್ಲಿಯೇ ಸೆಳವು ಇರುತ್ತದೆ” ಎಂದರು.

ಉಪಾಧ್ಯಾಯರು ಅವರಿಗೆ ಕೈಮುಗಿದು, “ಯಜಮಾನರೇ, ಮಕ್ಕಳಿಗೆ ಬಿಡಿಸಿ ಹೇಳಬೇಕು” ಎಂದು ಬೇಡಿದರು. ವೃದ್ಧರು ಹೇಳಿದ ಮಾತಿನ ಸಾರವಿದು: ಅಲೆಗಳು ದಡಕ್ಕೆ ತಂದು ಸುರಿಯುವ ನೀರು ಮತ್ತೆ ಕಡಲಿಗೆ ಮರಳಲೇಬೇಕು. ಅದು ಮರಳಿನ ದಿಬ್ಬಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಒಟ್ಟುಗೂಡಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಆಳ ಹೆಚ್ಚಾದುದರಿಂದ ಅಲೆ ಒಡೆಯುವುದಿಲ್ಲ. ತಿಳಿಯದವರು ಅದನ್ನೇ ಕ್ಷೇಮದ ಸ್ಥಳವೆಂದು ಭ್ರಮಿಸುತ್ತಾರೆ. ಆ ಸೆಳವಿಗೆ ಸಿಕ್ಕಿದರೆ ಗಟ್ಟಿ ಈಜುಗಾರನೂ ಅದರೆದುರು ಸೆಣಸಿ ದಡ ಸೇರಲಾರ. ಸೆಣಸಿದಷ್ಟೂ ಅವನ ಶಕ್ತಿ ಕುಂದುತ್ತದೆ. ಗಾಬರಿಗೊಳ್ಳದೆ ತೇಲುತ್ತ, ಕೈಯೆತ್ತಿ ಸಹಾಯ ಕೋರಬೇಕು. ಈಜು ಬಲ್ಲವನು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವನ್ನು ದಾಟಿದ ಮೇಲೆ ದಡದತ್ತ ತಿರುಗಬೇಕು. ದಡದಲ್ಲಿರುವವರು ತಾವೂ ನೀರಿಗೆ ಹಾರದೆ, ಜೀವರಕ್ಷಕರನ್ನು ಕೂಗಬೇಕು; ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕು.

“ಕಡಲನ್ನೇ ನಂಬಿ ಬದುಕುವ ನಾವೇ ಮಳೆಗಾಲದ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳನ್ನು ದಡಕ್ಕೆಳೆದು ಕೂರುತ್ತೇವೆ. ಕಡಲು ಒರಟಾಗಿರುತ್ತದೆ, ಮೀನು ಮರಿಮಾಡುವ ಕಾಲವೂ ಅದೇ. ಬೇಡವೆಂದಾಗ ದೂರವಿರುವುದು ಹೇಡಿತನವಲ್ಲ, ತಮಾ” ಎಂದು ವೃದ್ಧರು ಮಾತು ಮುಗಿಸಿದರು.

ಉಪಾಧ್ಯಾಯರು ಕೆಲವು ಕ್ಷಣ ಮೌನವಾಗಿದ್ದು, ಬಳಿಕ ಮಕ್ಕಳಿಗೆ ಒಂದು ಸಂಗತಿಯನ್ನು ತಿಳಿಸಿದರು. 2024ರ ಡಿಸೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಕಡಲಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಅವರೂ ಬಯಲುಸೀಮೆಯ ಮಕ್ಕಳೇ. ಅವರೂ ಇಷ್ಟೇ ಸಂತೋಷದಿಂದ ಮನೆಯಿಂದ ಹೊರಟವರೇ. ಓಡಲು ಸಿದ್ಧನಾಗಿದ್ದ ಹುಡುಗ ತಲೆತಗ್ಗಿಸಿ ನಿಂತನು. ಯಾರೂ ಅವನನ್ನು ಗದರಿಸಲಿಲ್ಲ.

ಅಂದು ಮಕ್ಕಳು ಜೀವರಕ್ಷಕರು ತೋರಿಸಿದ ಸ್ಥಳದಲ್ಲಿ, ಒಬ್ಬರ ಕೈಯನ್ನೊಬ್ಬರು ಹಿಡಿದು, ಪಾದ ತೋಯುವಷ್ಟು ನೀರಿನಲ್ಲಿ ನಿಂತರು. ಅಲೆ ಬಂದು ಹಿಂದಿರುಗುವಾಗ ಕಾಲಡಿಯ ಮರಳು ಜಾರುತ್ತಿತ್ತು. ವೃದ್ಧರ ಮಾತಿನ ಅರ್ಥ ಪಾದಕ್ಕೇ ತಿಳಿಯುತ್ತಿತ್ತು. ಅದರಿಂದ ಅವರ ಆನಂದಕ್ಕೆ ಕೊರತೆಯೇನೂ ಆಗಲಿಲ್ಲ. ಸೂರ್ಯ ಮುಳುಗುವವರೆಗೂ ನಗುತ್ತ ಕೂಗುತ್ತ ಆಡಿದರು. ಹೊರಡುವ ಮುನ್ನ ತಿಂಡಿಯ ಕಾಗದಗಳನ್ನೆಲ್ಲ ಆಯ್ದು ತಮ್ಮ ಚೀಲಗಳಲ್ಲಿ ಹಾಕಿಕೊಂಡರು. ತಮಗೆ ಒಂದು ದಿನದ ವಿಹಾರಸ್ಥಳವಾದ ಆ ಮರಳು ಬಲೆ ಒಣಗಿಸುವವರಿಗೆ ಅನ್ನ ಕೊಡುವ ಅಂಗಳವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಮರುದಿನ ಅದೇ ರಸ್ತೆಯಲ್ಲಿ ಬಸ್ಸು ನಿಟ್ಟೂರಿನ ಕಡೆಗೆ ತಿರುಗಿತು. ಪ್ರಕೃತಿಯ ಸೊಬಗನ್ನು ಸವಿಯಲು ಕಣ್ಣಿದ್ದರೆ ಸಾಲದು. ಅದರ ನಡೆಯನ್ನು ಬಲ್ಲವರ ಮಾತಿಗೆ ಕಿವಿಗೊಡುವ ವಿನಯವೂ ಬೇಕು. ಹೊರಟ ಮಕ್ಕಳೆಲ್ಲರೂ ಮನೆಗೆ ಮರಳಿದಾಗಲೇ ಪ್ರವಾಸವು ಸಾರ್ಥಕವಾಗುತ್ತದೆ.