ಮೂಡುಬಿದಿರೆಯವರು ಮುಖ್ಯಮಂತ್ರಿಯಾದದ್ದು

ಮುಖ್ಯಮಂತ್ರಿಯನ್ನು ಯಾರು ನೇಮಿಸುತ್ತಾರೆ ಎಂದು ಕೇಳಿದರೆ ನಾವೆಲ್ಲ "ರಾಜ್ಯಪಾಲರು" ಎಂದು ಒಟ್ಟಿಗೆ ಕೂಗುತ್ತೇವೆ. ಆದರೆ ನಮ್ಮ ಬಂಟ್ವಾಳದಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಮೂಡುಬಿದಿರೆಯವರೇ ಒಬ್ಬರು ಆ ಕುರ್ಚಿಯಲ್ಲಿ ಕೂತಿದ್ದರು ಎಂಬುದು ನಮ್ಮ ಕ್ಲಾಸಿನಲ್ಲಿ ಎಷ್ಟು ಜನರಿಗೆ ಗೊತ್ತುಂಟು?

ಅವರೇ ಶ್ರೀ ಎಂ. ವೀರಪ್ಪ ಮೊಯಿಲಿ. 1940ನೇ ಇಸವಿ ಜನವರಿ 12ರಂದು ಮೂಡುಬಿದಿರೆಯ ಮಾರ್ಪಾಡಿಯಲ್ಲಿ ಜನಿಸಿದರು. ಮಂಗಳೂರಿನಲ್ಲಿ ಬಿ.ಎ., ಬೆಂಗಳೂರಿನಲ್ಲಿ ಕಾನೂನು ಓದಿ ವಕೀಲರಾದರು. 1972ರಲ್ಲಿ ಕಾಂಗ್ರೆಸ್ ಪಕ್ಷದಿಂದ ಕಾರ್ಕಳದ ಶಾಸಕರಾದರು. ಅಲ್ಲಿ ಒಟ್ಟು ಆರು ಸಲ ಗೆದ್ದರು. ಮಂತ್ರಿ, ವಿರೋಧ ಪಕ್ಷದ ನಾಯಕ ಎಲ್ಲ ಆದ ಮೇಲೆ, 1992ರ ನವೆಂಬರ್ 19ರಂದು ಬಂಗಾರಪ್ಪನವರ ನಂತರ ಮುಖ್ಯಮಂತ್ರಿಯಾದರು. ತುಳುನಾಡಿನಿಂದ ಮುಖ್ಯಮಂತ್ರಿಯಾದವರಲ್ಲಿ ಇವರೇ ಮೊದಲಿಗರು.

ಅವರ ಕಾಲದ ಒಂದು ವಿಷಯ ಮಾತ್ರ ನಮಗೆ ಬಹಳ ಮುಖ್ಯ. ಅದು ಸಿ.ಇ.ಟಿ. ಮೊದಲು ಖಾಸಗಿ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಡೊನೇಶನ್ ಕೊಟ್ಟವರಿಗೆ ಸೀಟು ಸಿಗುತ್ತಿತ್ತು. 1993ರಲ್ಲಿ ಉನ್ನಿಕೃಷ್ಣನ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಾಗೆ ಹಣ ತೆಗೆದುಕೊಳ್ಳಬಾರದು, ಅಂಕ ನೋಡಿ ಸೀಟು ಕೊಡಬೇಕು ಎಂದಿತು. 1994ರಲ್ಲಿ ಮೊಯಿಲಿಯವರ ಸರಕಾರ ಇದಕ್ಕಾಗಿ ಸಿ.ಇ.ಟಿ. ಘಟಕ ಮಾಡಿತು. ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ, ಒಂದೇ ರ್‍ಯಾಂಕ್ ಪಟ್ಟಿ. ಮಂತ್ರಿಯ ಮಗನಾದರೂ ಸರಿ, ಬೀಡಿ ಕಟ್ಟುವವರ ಮಗಳಾದರೂ ಸರಿ, ಪಟ್ಟಿಯಲ್ಲಿ ಮೊದಲು ಹೆಸರಿದ್ದವರಿಗೆ ಮೊದಲು ಸೀಟು.

ಬೀಡಿಯ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ಅಮ್ಮ ಬೀಡಿ ಕಟ್ಟುತ್ತಾರೆ. ಅಕ್ಕ ಪಿ.ಯು.ಸಿ. ಸೈನ್ಸ್. ಡೊನೇಶನ್ ಮಾತ್ರ ಇದ್ದಿದ್ದರೆ ಅಕ್ಕ ಇಂಜಿನಿಯರಿಂಗ್ ಎಂಬ ಶಬ್ದವನ್ನೇ ಮನೆಯಲ್ಲಿ ಎತ್ತುತ್ತಿರಲಿಲ್ಲ. ಈಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60 ಅಂಕದ ಪರೀಕ್ಷೆಗೆ ರಾತ್ರಿ ಓದುತ್ತಾಳೆ. ಪೇಟೆಯ ಮಕ್ಕಳು ದುಡ್ಡು ಕೊಟ್ಟು ಕೋಚಿಂಗಿಗೆ ಹೋಗುತ್ತಾರೆ, ಅದು ಸಮ ಅಲ್ಲ ಎಂದು ನನಗೆ ಕಾಣುತ್ತದೆ. ಆದರೂ ಪ್ರಶ್ನೆಪತ್ರಿಕೆ ಅವರಿಗೂ ಇವಳಿಗೂ ಒಂದೇ ಅಲ್ವಾ? (ಮೆಡಿಕಲ್ ಸೀಟಿಗೆ ಈಗ ನೀಟ್ ಪರೀಕ್ಷೆ ಬೇರೆ ಉಂಟು.)

ಮೊಯಿಲಿಯವರ ಅಧಿಕಾರ ಎರಡು ವರ್ಷದಲ್ಲೇ ಮುಗಿಯಿತು. 1994ರಲ್ಲಿ ಹುಬ್ಬಳ್ಳಿಯ ಈದ್ಗಾ ಮೈದಾನದ ಗಲಾಟೆಯಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಅದೇ ವರ್ಷದ ಚುನಾವಣೆಯಲ್ಲಿ ಅವರು ಕಾರ್ಕಳದಲ್ಲಿ ಗೆದ್ದರೂ, 1989ರಲ್ಲಿ 178 ಸ್ಥಾನ ಗೆದ್ದಿದ್ದ ಪಕ್ಷಕ್ಕೆ ಬರೀ 34 ಸಿಕ್ಕಿತು. ದೇವೇಗೌಡರು ಮುಖ್ಯಮಂತ್ರಿಯಾದರು. 2004ರಲ್ಲಿ ಮೊಯಿಲಿಯವರು ಮಂಗಳೂರಿನಲ್ಲಿ ಲೋಕಸಭೆಗೆ ನಿಂತು ಸೋತರು. ತಮಾಷೆ ಎಂದರೆ, ಅವರನ್ನು ಸೋಲಿಸಿದ ಸುಳ್ಯ ಕಡೆಯ ಡಿ.ವಿ. ಸದಾನಂದ ಗೌಡರೂ 2011ರಲ್ಲಿ ಮುಖ್ಯಮಂತ್ರಿಯಾದರು! ಮೊಯಿಲಿಯವರು 2009ರಲ್ಲಿ ದೂರದ ಚಿಕ್ಕಬಳ್ಳಾಪುರದಲ್ಲಿ ಗೆದ್ದು ಕೇಂದ್ರದ ಕಾನೂನು ಮಂತ್ರಿಯಾದರು. 2014ರಲ್ಲೂ ಗೆದ್ದರು, 2019ರಲ್ಲಿ ಸೋತರು.

ಇದರ ನಡುವೆ ಅವರು ಬರೆಯುವುದನ್ನು ಬಿಡಲಿಲ್ಲ. ಅವರ ಒಂದು ಕಾದಂಬರಿಯ ಹೆಸರು 'ತೆಂಬರೆ'. ಕೋಲ ನೋಡಿದವರಿಗೆ ತೆಂಬರೆ ಎಂದರೇನೆಂದು ಹೇಳಬೇಕಾಗಿಲ್ಲ. ಬಾಹುಬಲಿಯ ಮೇಲೆ ಬರೆದ ಮಹಾಕಾವ್ಯಕ್ಕೆ 2020ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾರ್ಕಳದ ಗುಡ್ಡದಲ್ಲಿ 1432ರಿಂದ ನಿಂತಿರುವ 42 ಅಡಿಯ ಬಾಹುಬಲಿಯನ್ನು ಅವರು ಎಷ್ಟು ಸಲ ನೋಡಿರಬಹುದು!

ಇನ್ನೊಂದು ವಿಷಯ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ. ಸೀಟಿನಲ್ಲಿ ಶೇಕಡಾ 5 ಮೀಸಲು, ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15. ಅದಕ್ಕೆ ಓದಿದ ಶಾಲೆಯ ಸರ್ಟಿಫಿಕೇಟ್ ಬೇಕು. ಅಕ್ಕ ಬರುವ ವಾರ ಅದಕ್ಕಾಗಿ ನಮ್ಮ ಹೆಡ್ ಮಾಸ್ಟ್ರ ಹತ್ತಿರ ಬರುತ್ತಾಳೆ.