ಕ್ಯಾಮೆರಾ ಇಟ್ಟಿದ್ದೇವೆ, ಆಯಾಗೆ ಹೇಳಬೇಕೆ?

ಪ್ರಶ್ನೆ: ಹೆರಿಗೆ ರಜೆ ಮುಗಿದು ಮತ್ತೆ ಆಫೀಸಿಗೆ ಹೋಗುತ್ತಿದ್ದೇನೆ. ಮಗುವನ್ನು ನೋಡಿಕೊಳ್ಳಲು ಆಯಾ ಒಬ್ಬರಿದ್ದಾರೆ. ಅವರಿಗೆ ತಿಳಿಸದೆ ಹಾಲ್‌ನಲ್ಲಿ ಕ್ಯಾಮೆರಾ ಇಟ್ಟಿದ್ದೇವೆ. ಮೊನ್ನೆ ಮಗು ಮಲಗಿದ್ದಾಗ ಮುಕ್ಕಾಲು ಗಂಟೆ ಮೊಬೈಲ್ ನೋಡುತ್ತ ಕೂತಿದ್ದರು. ಕೇಳಿದರೆ ಕ್ಯಾಮೆರಾ ವಿಷಯ ಬಯಲಾಗುತ್ತದೆ, ಕೇಳದಿದ್ದರೆ ನನಗೆ ಸಮಾಧಾನವಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊಬೈಲ್ ಮಾತು ಬಿಡಿ. ಮಗು ಮಲಗಿದ ಹೊತ್ತಿನಲ್ಲಿ ನೀವು ಮನೆಯಲ್ಲಿದ್ದರೂ ಮಾಡುತ್ತಿದ್ದುದು ಅದನ್ನೇ. ಕ್ಯಾಮೆರಾ ಇರುವುದನ್ನು ಮಾತ್ರ ಇವತ್ತು ಸಂಜೆಯೇ ಹೇಳಿ. ‘ಮೊದಲ ಮಗು, ಭಯಕ್ಕೆ ಇಟ್ಟೆ, ಆಗಲೇ ಹೇಳಬೇಕಿತ್ತು’ ಎಂದರೆ ಸಾಕು. ಇಲ್ಲದಿದ್ದರೆ ಪಕ್ಕದ ಮನೆಯ ಅಡುಗೆಯಾಕೆಯಿಂದಲೋ ವೈ-ಫೈ ಸರಿಮಾಡಲು ಬಂದ ಹುಡುಗನಿಂದಲೋ ಅವರಿಗೆ ತಿಳಿದೇ ತಿಳಿಯುತ್ತದೆ. ಇನ್ನು ಬಚ್ಚಲು, ಅವರು ಬಟ್ಟೆ ಬದಲಿಸುವ ಕೋಣೆ – ಅಲ್ಲಿ ಕ್ಯಾಮೆರಾ ಇಡುವ ಯೋಚನೆಯೂ ಬೇಡ. ಹೆಣ್ಣಿನ ಖಾಸಗಿ ಕ್ಷಣವನ್ನು ಕದ್ದು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ.

ನಾನಾದರೆ ಬೇರೊಂದನ್ನು ಗಮನಿಸುತ್ತೇನೆ. ಸಂಜೆ ನೀವು ಕೇಳುವ ಮೊದಲೇ ಆಕೆ ‘ಇವತ್ತು ಮಂಚದಿಂದ ಬಿದ್ದುಬಿಟ್ಟ, ಹಣೆ ಸ್ವಲ್ಪ ಊದಿದೆ’ ಎನ್ನುತ್ತಾರೆಯೇ? ಹಾಗೆ ಹೇಳುವವರು ಸಿಕ್ಕಿದ್ದರೆ ಕೈಬಿಡಬೇಡಿ. ಆದರೆ ಅಂಥ ಮಾತಿಗೆ ಮೊದಲ ಸಲ ನೀವು ಕೂಗಾಡಿದಿರೋ, ಎರಡನೇ ಸಲ ಅದು ನಿಮ್ಮ ಕಿವಿಗೆ ಬೀಳುವುದಿಲ್ಲ. ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ಮಂಪರಾದರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು. ಬಿದ್ದದ್ದೇ ಗೊತ್ತಿಲ್ಲದಿದ್ದರೆ ರಾತ್ರಿಯ ವಾಂತಿಯನ್ನು ನೀವು ಅಜೀರ್ಣ ಎಂದುಕೊಂಡು ಓಮದ ನೀರು ಹುಡುಕುತ್ತೀರಿ. ಆಯಾ ಹೆದರಿಕೊಂಡಿರುವ ಮನೆಯಲ್ಲಿ ನಷ್ಟ ಮಗುವಿಗೇ.

ಪ್ರಶ್ನೆ: ನಮ್ಮ ಆಯಾ ಊರ ಜಾತ್ರೆಗೆಂದು ರಾಯಚೂರಿಗೆ ಹೋದವರು ನಾಲ್ಕು ದಿನ ಎಂದು ಹತ್ತು ದಿನ ಬಿಟ್ಟು ಬಂದರು. ಫೋನ್ ಸ್ವಿಚ್ ಆಫ್. ಇನ್ನು ಮೇಲೆ ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳಲೇ?
– ಒಬ್ಬ ತಂದೆ, ಬೆಂಗಳೂರು

ಉತ್ತರ: ಬೇಡ. ದುಡಿದ ದುಡ್ಡನ್ನು ಒತ್ತೆ ಇಟ್ಟುಕೊಳ್ಳುವುದು ನ್ಯಾಯವಲ್ಲ, ಅದರಿಂದ ಉಪಯೋಗವೂ ಇಲ್ಲ. ಹೋಗುವವರು ಅದನ್ನು ಬಿಟ್ಟೂ ಹೋಗುತ್ತಾರೆ. ಫೋನ್ ಆಫ್ ಮಾಡಿದ್ದು ತಪ್ಪೇ, ಅದನ್ನು ನೇರವಾಗಿ ಹೇಳಿ. ಆದರೆ ವಾರದ ರಜೆ ಕೊಡುತ್ತೀರಾ? ವರ್ಷಕ್ಕೆ ಇಷ್ಟು ದಿನ ಸಂಬಳಸಹಿತ ರಜೆ ಎಂದು ಮಾತಾಗಿದೆಯೇ? ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ರಜೆ ಕೇಳಿದರೆ ಸಿಗದು ಎನ್ನುವವರು ನಾಲ್ಕು ಎಂದು ಹೇಳಿಯೇ ಹತ್ತು ದಿನ ಹೋಗುತ್ತಾರೆ. ಯುಗಾದಿ, ನಾಗರಪಂಚಮಿ, ಜಾತ್ರೆ – ಈ ದಿನಗಳನ್ನು ಇಬ್ಬರೂ ಕೂತು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ವಾರಕ್ಕೆ ಅಜ್ಜಿಯನ್ನೋ ಡೇ ಕೇರನ್ನೋ ಗೊತ್ತುಮಾಡಿಕೊಳ್ಳಿ.

ಕರ್ನಾಟಕವು ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ್ದು 2004ರಲ್ಲಿ. ಈಗಲೂ ಅನೇಕ ಮನೆಗಳಲ್ಲಿ ಸಂಬಳ ಎಷ್ಟೆಂದು ನಿರ್ಧಾರವಾಗುವುದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ! ಒಂದು ಹಾಳೆಯಲ್ಲಿ ಸಂಬಳ, ಸಮಯ, ರಜೆ, ಅಡ್ವಾನ್ಸ್ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಸಂಬಳ ಒಂದನೇ ತಾರೀಕು ಎಂದರೆ ಒಂದನೇ ತಾರೀಕೇ ಕೊಡಿ. ನೀವು ಐದಕ್ಕೆ ಕೊಟ್ಟು ಅವರು ಸೋಮವಾರ ಏಳಕ್ಕೇ ಬರಲಿ ಎಂದರೆ ಹೇಗೆ?

ಪ್ರಶ್ನೆ: ಅಮ್ಮ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುತ್ತಾರೆ. ಅಲ್ಲಿ ಓಲೆ ಕಾಣೆಯಾಗಿ ಅಮ್ಮನ ಬ್ಯಾಗ್ ತಡಕಾಡಿದರು. ಮರುದಿನ ಓಲೆ ವಾಷಿಂಗ್ ಮೆಷಿನ್ನಿನಲ್ಲಿ ಸಿಕ್ಕಿತು. ಯಾರೂ ಒಂದು ಮಾತೂ ಆಡಲಿಲ್ಲ. ಅಮ್ಮ ‘ಪಾಪು ನನ್ನ ಬಿಟ್ಟು ಊಟ ಮಾಡಲ್ಲ’ ಎಂದು ಹೋಗುತ್ತಲೇ ಇದ್ದಾರೆ. ಬಿಡಿಸಲೇ?
– ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿರ್ಧಾರ ಅಮ್ಮನದು. ನಿಮಗೆ ಸಿಟ್ಟು ಬಂದದ್ದು ಸರಿಯಾಗಿಯೇ ಇದೆ. ಸಂಶಯವಿದ್ದರೆ ಪೊಲೀಸರಿಗೆ ದೂರು ಕೊಡಬಹುದೇ ಹೊರತು ಇನ್ನೊಬ್ಬರ ಬ್ಯಾಗ್ ತಡಕುವ ಅಧಿಕಾರ ಮನೆಯವರಿಗಿಲ್ಲ. (ಆಯಾ ಬಗ್ಗೆ ಪೊಲೀಸ್ ಪರಿಶೀಲನೆ ಮಾಡಿಸುವ ವ್ಯವಸ್ಥೆಯಿದೆ. ಮನೆಯವರ ಬಗ್ಗೆ ವಿಚಾರಿಸಲು ಆಯಾ ಯಾವ ಕಚೇರಿಗೆ ಹೋಗಬೇಕು?) ಅಮ್ಮ ಅಲ್ಲೇ ಮುಂದುವರಿಯುವುದಾದರೆ ‘ಅವತ್ತು ನನಗೆ ಬೇಜಾರಾಯಿತು, ಇನ್ನು ಹಾಗೆ ಮಾಡಬೇಡಿ’ ಎಂದು ಒಮ್ಮೆ ಹೇಳಲಿ. ಕ್ಷಮೆ ಕೇಳಿದರೆ ಒಳ್ಳೆಯದು. ಕೇಳದೆ ಮುಖ ತಿರುಗಿಸಿದರೆ ಬಾಕಿ ಸಂಬಳ ಕೈಗೆ ಬಂದ ಮೇಲೆ ಬೇರೆ ಮನೆ ನೋಡಲಿ. ಹೊಸಬರು ಸಿಗುವ ತನಕ ಪಾಪುವಿಗೆ ಅಪ್ಪ ಅಮ್ಮ ರಜೆ ಹಾಕಿ ಊಟ ಮಾಡಿಸುತ್ತಾರೆ.